ಕಾಲು ಮೈಲಿಯ ಓಟ

ಹವ್ಯಾಸ ಎನ್ನುವ ಮಾತಿಗೆ ನಮ್ಮ ಮನೆಗಳಲ್ಲಿ ಎರಡು ಅರ್ಥಗಳಿವೆ. ಹೆಂಗಸರ ಹವ್ಯಾಸವೆಂದರೆ ಕಡೆಗೆ ಅದರಿಂದ ಮನೆಗೆ ಏನಾದರೂ ಬರಬೇಕು. ಕ್ರೋಶಾ ಹೆಣೆದರೆ ಟೇಬಲ್ಲಿಗೊಂದು ಹೊದಿಕೆ, ಹಪ್ಪಳ ಮಾಡಿದರೆ ಮಳೆಗಾಲಕ್ಕೊಂದು ಡಬ್ಬಿ, ಕೌದಿ ಹೊಲಿದರೆ ಚಳಿಗೊಂದು ಆಸರೆ. ಗಂಡಸರ ಹವ್ಯಾಸಕ್ಕೆ ಈ ಲೆಕ್ಕ ಹಾಕುವವರಿಲ್ಲ. ಮನೆಯಲ್ಲಿದ್ದದ್ದು ಹೊರಗೆ ಹೋದರೂ ಅದು ಹವ್ಯಾಸವೇ. ಹಾಗೆ ಹೊರಗೆ ಹೋಗುವ ಬಾಬತ್ತಿನಲ್ಲಿ ಮೊದಲ ಸ್ಥಾನ ಯಾವುದಕ್ಕೆ ಎಂದು ಯಾರಾದರೂ ಕೇಳಿದರೆ, ಹಳೆಯ ಕಾರು ಕೊಂಡು, ಬಿಚ್ಚಿ, ಜೋಡಿಸಿ, ಕಾಲು ಮೈಲಿ ಓಡಿಸಿ, ಮತ್ತೆ ಬಿಚ್ಚುವ ಹವ್ಯಾಸಕ್ಕೆ ಎಂದು ನಾನು ಕಣ್ಣು ಮುಚ್ಚಿ ಹೇಳುತ್ತೇನೆ.

ಹೀಗೆ ಹೇಳಲು ಕಾರಣವುಂಟು. ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣನ ಮಗ ಇಂಥದೊಂದು ಕಾರು ತಂದು ಅಂಗಳದಲ್ಲಿ ತಾಡಪತ್ರಿ ಹೊದಿಸಿ ನಿಲ್ಲಿಸಿದ್ದಾನೆ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಮಾರುಕಟ್ಟೆಗೆ ಬಿಟ್ಟ ಡಾಲ್ಫಿನ್. ನಮ್ಮ ವೈನಿ ಅದನ್ನು ನೋಡಿದಾಗಲೆಲ್ಲ ಹಣೆ ಬಡಿದುಕೊಳ್ಳುತ್ತಾರೆ. “ಸೊಸಿಗೆ ಸವತಿ ತಂದಾನ ನೋಡವಾ, ಅದೂ ಹಲ್ಲು ಉದುರಿದ ಸವತಿ!” ಸೊಸೆ ಮಾತ್ರ ನಗುತ್ತಾಳೆ. ಒಗ್ಗರಣೆ ಡಬ್ಬಿಯ ಏಳು ಬಟ್ಟಲಲ್ಲಿ ಏಳು ಬಗೆಯ ಸ್ಕ್ರೂ ತುಂಬಿದ ದಿನ ಅವಳೂ ನಗಲಿಲ್ಲವಂತೆ.

ಈ ಡಾಲ್ಫಿನ್ನಿನ ಕಥೆ ನಮ್ಮ ರಾಜ್ಯದ ಕಥೆಯೂ ಹೌದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರನ್ನು ಆಧರಿಸಿ ಮಾಡಿದ ಎರಡು ಬಾಗಿಲ ಗಾಡಿ ಅದು. 848 ಸಿ.ಸಿ. ಎಂಜಿನ್, ಮೈಯೆಲ್ಲ ಫೈಬರ್. ತಗಡಿನ ಅಂಬಾಸಿಡರ್, ಫಿಯೆಟ್ ನೋಡಿದ ಜನಕ್ಕೆ ಫೈಬರ್ ಕಾರು ಆಟಿಕೆಯಂತೆ ಕಂಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲಂತೂ ಡಾಲ್ಫಿನ್ ಕೇಳುವವರು ಕಡಿಮೆಯಾದರು. ಆದರೆ ಮನೆಮಂದಿ ಬೇಡವೆಂದದ್ದು ರೇಸಿನವರಿಗೆ ಬೇಕಾಯಿತು. ಹಗುರವಾದ ಮೈ, ಹಿಂದಿನ ಗಾಲಿಗೆ ಬಲ, ಇವೆರಡೂ ಇದ್ದದ್ದರಿಂದ ರ‍್ಯಾಲಿ ಓಡಿಸುವವರು ಅದನ್ನು ಹುಡುಕಿ ಕೊಂಡರು. ಆಮೇಲೆ 1998ರಲ್ಲಿ ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ ಸ್ಟಾರ್ಮ್ ಎಂಬ ಎರಡೇ ಆಸನದ, ಮಾಡು ತೆಗೆಯಬಹುದಾದ ಕಾರು ತಂದಿತು. ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು, ಕಾರು ತಯಾರಾದದ್ದು ನಮ್ಮ ಜೋಯಿಡಾ ದಾಟಿದರೆ ಸಿಗುವ ಗೋವೆಯಲ್ಲಿ. ಅದೂ ಹೆಚ್ಚು ಮಾರಾಟವಾಗಲಿಲ್ಲ. ಈಗ ಎರಡೂ ಕಾರು ತಯಾರಾಗುವುದಿಲ್ಲ. ಬಿಡಿಭಾಗ ಬೇಕೆಂದರೆ ಗುಜರಿ ಅಂಗಡಿ, ಇಲ್ಲವೆ ಲೇತ್ ಕೆಲಸದವರು, ಇಲ್ಲವೆ ತನ್ನ ಕೈ.

ಹೀಗಾಗಿ ಈ ಹವ್ಯಾಸದ ಮೊದಲ ಅರ್ಧ ಪೂರಾ ರಿಪೇರಿ. ನಾನು ಎರಡು ಬೇಸಿಗೆ ರಜೆಗಳಲ್ಲಿ ಮೂಢೆಯ ಮೇಲೆ ಕೂತು ನೋಡಿದ್ದೇನೆ. ಫೈಬರ್ ಮೈ ಸೀಳಿದರೆ ಸುತ್ತಿಗೆ ನಡೆಯುವುದಿಲ್ಲ. ಸೀಳಿನ ಅಂಚನ್ನು ಉಜ್ಜಿ, ಹಿಂದಿನಿಂದ ಗಾಜಿನ ನಾರಿನ ಬಟ್ಟೆ ಇಟ್ಟು, ಅಂಟು ಸವರಿ, ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಸಿಗದ ಗ್ಯಾಸ್ಕೆಟ್ಟನ್ನು ಹಾಳೆಯಿಂದ ಕತ್ತರಿಸಿಕೊಳ್ಳಬೇಕು. ಸವೆದ ಸಿಲಿಂಡರಿಗೆ ಬೋರ್ ಮಾಡಿಸಬೇಕು. ಯಾವ ಬೋಲ್ಟು ಯಾವ ತೂತಿನದು ಎಂದು ಚೀಟಿ ಬರೆದಿಡಬೇಕು. ಒಂದು ದಿನ ತೇಪೆ ಹಾಕುತ್ತಿದ್ದವನನ್ನು ನೋಡುತ್ತ ನನಗೆ ನಮ್ಮ ಮುಂಡಗೋಡ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ನೆನಪಾಯಿತು. ಹರಿದ ಸೀರೆ, ಹಳೆ ಅಂಗಿಯ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಅಂಚಿನಿಂದ ಒಳಗೆ ಹೊಲಿಯುತ್ತ ಬರುತ್ತಾರೆ. ಕಡೆಗೆ ನಾಲ್ಕು ಮೂಲೆಗೆ ಫುಲ ಎಂಬ ಮಡಚಿದ ಚೂರನ್ನು ಕೂರಿಸುತ್ತಾರೆ. ಅದಿಲ್ಲದಿದ್ದರೆ ಕವಂದಿ ಪೂರ್ತಿಯಾದಂತಲ್ಲ. ಎಸೆಯುವ ವಸ್ತುವಿಗೆ ಮತ್ತೊಂದು ಆಯುಷ್ಯ ಕೊಡುವ ವಿದ್ಯೆ ಎರಡೂ ಕಡೆ ಒಂದೇ. ಒಂದನ್ನು ಬಡತನ ಎನ್ನುತ್ತೇವೆ, ಇನ್ನೊಂದನ್ನು ಹವ್ಯಾಸ ಎನ್ನುತ್ತೇವೆ, ಅಷ್ಟೇ.

ಇನ್ನೊಂದು ಸಂಗತಿ ಕೇಳಿ. ಕಾರ್ಬೊರೇಟರಿನಲ್ಲಿ ಜೆಟ್ ಎಂಬ ಸಣ್ಣ ತೂತಿನ ಹಿತ್ತಾಳೆ ತುಂಡು ಇರುತ್ತದೆ. ಅದರ ಮೂಲಕ ಪೆಟ್ರೋಲು ಬಂದು ಗಾಳಿಯೊಡನೆ ಬೆರೆಯಬೇಕು. ಕಸ ಸಿಕ್ಕಿದರೆ ಗಾಡಿ ಕೆಮ್ಮುತ್ತದೆ. ಇದನ್ನು ಅವನು ವಿವರಿಸುವಾಗ ನನಗೆ ನಗು ಬಂತು. ನಮ್ಮ ವಯಸ್ಸಿನ ಹೆಂಗಸರಿಗೆ ಇದನ್ನು ಹೇಳಿಕೊಡಬೇಕೆ? ಪಂಪ್ ಸ್ಟೋವಿನ ನಿಪ್ಪಲ್ಲಿಗೆ ದಿನಕ್ಕೆರಡು ಸಲ ಪಿನ್ನು ಚುಚ್ಚಿದವರು ನಾವು! 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಝ್ ಎಂಬಾಕೆ, ಗಂಡ ತಯಾರಿಸಿದ ಮೂರು ಗಾಲಿಯ ಮೋಟಾರನ್ನು ಗಂಡನಿಗೆ ಹೇಳದೆ ತೆಗೆದುಕೊಂಡು ಇಬ್ಬರು ಗಂಡುಮಕ್ಕಳೊಡನೆ ಹೊರಟಳು. ಎಲ್ಲಿಗೆ ಅಂದಿರಿ? ನೂರು ಕಿಲೋಮೀಟರಿಗೂ ದೂರದ ತವರಿಗೆ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿದಳು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಮೋಟಾರಿನ ಇತಿಹಾಸದಲ್ಲಿ ಮೊದಲ ದೂರ ಪ್ರಯಾಣ ಮತ್ತು ಮೊದಲ ರಸ್ತೆಬದಿಯ ರಿಪೇರಿ, ಎರಡೂ ಒಬ್ಬ ಹೆಂಗಸಿನವು. ಹೀಗಿದ್ದೂ ಸ್ಕ್ರೂಡ್ರೈವರ್ ಹಿಡಿದ ಹುಡುಗಿಯನ್ನು ಕಂಡರೆ ನಮ್ಮವರು “ಗಂಡುಬೀರಿ” ಎನ್ನುವುದು ಬಿಟ್ಟಿಲ್ಲ.

ಹವ್ಯಾಸದ ಎರಡನೆಯ ಅರ್ಧ ಓಟ. ಇದಕ್ಕೆ ಡ್ರ್ಯಾಗ್ ರೇಸ್ ಎನ್ನುತ್ತಾರೆ. ಡ್ರ್ಯಾಗ್ ಎಂದರೆ ಎಳೆಯುವುದು ಎಂದು ನಾನು ಮೂವತ್ತು ವರ್ಷ ಮಕ್ಕಳಿಗೆ ಅರ್ಥ ಬರೆಸಿದ್ದೇನೆ. ಇಲ್ಲಿ ಯಾರೂ ಯಾರನ್ನೂ ಎಳೆಯುವುದಿಲ್ಲ. ಎರಡು ಗಾಡಿ ಪಕ್ಕಪಕ್ಕ ನಿಲ್ಲುತ್ತವೆ. ಎದುರಿನ ಕಂಬದಲ್ಲಿ ದೀಪಗಳು ಮೇಲಿನಿಂದ ಕೆಳಗೆ ಹತ್ತುತ್ತ ಬಂದು ಹಸಿರಾದಾಗ ಹೊರಡುತ್ತವೆ. ತಿರುವಿಲ್ಲದ ನೇರ ದಾರಿ, ಕಾಲು ಮೈಲಿ, ಅಂದರೆ 402 ಮೀಟರು. ನಮ್ಮ ಹಳೆ ಕಾರುಗಳಾದರೆ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಆರು ತಿಂಗಳ ರಿಪೇರಿ, ಇಪ್ಪತ್ತು ಸೆಕೆಂಡಿನ ಓಟ. ಮದುವೆಯ ಅಡುಗೆಯಂತೆ, ಮಾಡಲು ಮೂರು ದಿನ, ಉಣ್ಣಲು ಅರ್ಧ ತಾಸು.

ಇದರಲ್ಲೇನು ಸ್ವಾರಸ್ಯ ಎಂದು ನಾನೂ ಕೇಳಿದೆ. ಆಗ ಅವನು ಅಮೆರಿಕೆಯಲ್ಲಿ ಸಾಮಾನ್ಯ ಜನ ಹಳೆಯ ಕಾರುಗಳಲ್ಲಿ ಆಡುವ ಬ್ರ್ಯಾಕೆಟ್ ರೇಸ್ ಎಂಬ ಪದ್ಧತಿಯನ್ನು ವಿವರಿಸಿದ. ಓಟಕ್ಕೆ ಮೊದಲೇ ಪ್ರತಿಯೊಬ್ಬನೂ ತನ್ನ ಗಾಡಿ ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆಂದು ಬರೆದು ಹೇಳಬೇಕು. ಒಬ್ಬ ಇಪ್ಪತ್ತು ಎಂದ, ಇನ್ನೊಬ್ಬ ಹದಿನೇಳು ಎಂದ ಅನ್ನಿ. ಇಪ್ಪತ್ತರವನಿಗೆ ಮೂರು ಸೆಕೆಂಡು ಮೊದಲೇ ಹಸಿರು ದೀಪ ಸಿಗುತ್ತದೆ. ಆದರೆ ತಾನು ಹೇಳಿದ್ದಕ್ಕಿಂತ ಬೇಗ ಮುಟ್ಟಿದವನು ಸೋತಂತೆ! ಹೇಳಿದ ಮಾತಿಗೆ ಸರಿಯಾಗಿ ಓಡಿಸಿದವನು, ದೀಪ ಕಂಡ ಕ್ಷಣ ಹೊರಟವನು ಗೆಲ್ಲುತ್ತಾನೆ. ಅಂದರೆ ಇಲ್ಲಿ ಗೆಲ್ಲುವುದು ಬರೀ ವೇಗದಿಂದ ಸಾಧ್ಯವಿಲ್ಲ. ತನ್ನ ಗಾಡಿಯ ಎಂಜಿನ್ನಿನ ಶಕ್ತಿ, ಅಂದಿನ ಬಿಸಿಲು, ಗಾಳಿ, ಗಾಲಿಯ ಹಿಡಿತ ಎಲ್ಲವನ್ನೂ ತಿಳಿದಿರಬೇಕು. ರಿಪೇರಿ ಮಾಡುತ್ತ ಕೂತವನಿಗಲ್ಲದೆ ಆ ತಿಳಿವು ಬರುವುದಿಲ್ಲ. ಪರೀಕ್ಷೆಗೆ ಮೊದಲು ತನಗೆ ಎಷ್ಟು ಅಂಕ ಬರುತ್ತದೆಂದು ಸರಿಯಾಗಿ ಹೇಳಬಲ್ಲ ವಿದ್ಯಾರ್ಥಿ ನನಗೆ ಇಷ್ಟು ವರ್ಷದಲ್ಲಿ ನಾಲ್ಕೈದು ಮಂದಿ ಸಿಕ್ಕಿರಬಹುದು. ಅವರು ಯಾರೂ ಮೊದಲ ರ‍್ಯಾಂಕಿನವರಲ್ಲ, ಆದರೆ ಬದುಕಿನಲ್ಲಿ ಮೋಸ ಹೋದವರೂ ಅಲ್ಲ. ಈ ನಿಯಮ ತಿಳಿದ ದಿನದಿಂದ ಹವ್ಯಾಸದ ಬಗ್ಗೆ ನನ್ನ ಗೌರವ ಹೆಚ್ಚಿತು, ಸುಳ್ಳೇಕೆ ಹೇಳಲಿ.

ಅದೇ ರಜೆಯಲ್ಲಿ “ಅತ್ತಿ, ಈ ಸಿನಿಮಾ ನೋಡ್ರಿ, ನಿಮಗ ಸೇರತೈತಿ” ಎಂದು ಅವನು ಒಂದು ಇಂಗ್ಲಿಷ್ ಚಿತ್ರ ಹಾಕಿಕೊಟ್ಟ. 1983ರ ‘ಹಾರ್ಟ್ ಲೈಕ್ ಎ ವ್ಹೀಲ್’. ನಿರ್ದೇಶಕ ಜೊನಾಥನ್ ಕಪ್ಲಾನ್. ಶರ್ಲಿ ಮಲ್ಡೌನಿ ಎಂಬ ನಿಜವಾದ ಹೆಂಗಸಿನ ಕಥೆ. 1940ರಲ್ಲಿ ಹುಟ್ಟಿದ ಶರ್ಲಿ ಹದಿನಾರಕ್ಕೇ ಜ್ಯಾಕ್ ಎಂಬ ಮೆಕ್ಯಾನಿಕ್ಕನ್ನು ಮದುವೆಯಾದಳು. ಗಂಡ ಗಾಡಿ ಕಟ್ಟಿಕೊಡುತ್ತಿದ್ದ, ಹೆಂಡತಿ ಓಡಿಸುತ್ತಿದ್ದಳು. 1973ರಲ್ಲಿ ಅತಿ ವೇಗದ ಟಾಪ್ ಫ್ಯೂಯಲ್ ವರ್ಗದಲ್ಲಿ ಪರವಾನಗಿ ಪಡೆದ ಮೊದಲ ಹೆಂಗಸು ಆಕೆ. ಆ ವರ್ಗದಲ್ಲಿ ಆಗ ಕಾಲು ಮೈಲಿಗೆ ಆರು ಸೆಕೆಂಡಿನಷ್ಟೇ ಹೊತ್ತು ಹಿಡಿಯುತ್ತಿತ್ತು. 1977, 1980, 1982, ಹೀಗೆ ಮೂರು ಸಲ ರಾಷ್ಟ್ರೀಯ ಚಾಂಪಿಯನ್. ಎರಡು ಸಲ ಆ ಪಟ್ಟ ಗೆದ್ದವರಲ್ಲಿ ಗಂಡಸು ಹೆಂಗಸು ಎನ್ನದೆ ಆಕೆಯೇ ಮೊದಲಿಗಳು. ಸಿನಿಮಾ ಬಂದ ಮರುವರ್ಷ ಕೆನಡಾದಲ್ಲಿ ಓಡಿಸುವಾಗ ಅಪಘಾತವಾಗಿ ಎರಡೂ ಕಾಲು ನುಜ್ಜುಗುಜ್ಜಾದವು. 1986ರಲ್ಲಿ ಮತ್ತೆ ಓಡಿಸಲು ಬಂದಳು.

ಚಿತ್ರದ ಗುಣ ಮೊದಲು ಹೇಳುತ್ತೇನೆ. ಬಾನಿ ಬೆಡೀಲಿಯಾ ಎಂಬ ನಟಿ ಶರ್ಲಿಯ ಪಾತ್ರವನ್ನು ಒಂದಿಷ್ಟೂ ಅಬ್ಬರವಿಲ್ಲದೆ ಮಾಡಿದ್ದಾಳೆ. ಅಪ್ಪನ ತೊಡೆಯ ಮೇಲೆ ಕೂತು ಸ್ಟಿಯರಿಂಗ್ ಹಿಡಿಯುವ ಪುಟ್ಟ ಹುಡುಗಿಯಿಂದ ಚಿತ್ರ ಶುರುವಾಗುತ್ತದೆ. ಪರವಾನಗಿಗೆ ಮೂವರು ಚಾಲಕರ ಸಹಿ ತರಬೇಕಾಗಿ ಬಂದಾಗ ಆಕೆ ಅರ್ಜಿ ಹಿಡಿದು ಗಂಡಸರ ಗುಂಪಿನ ಮುಂದೆ ನಿಲ್ಲುವ ದೃಶ್ಯವನ್ನು ನಮ್ಮಲ್ಲಿ ಕಚೇರಿ ಕೆಲಸಕ್ಕೆ ಹೋದ ಯಾವ ಹೆಂಗಸೂ ಮರೆಯಲಾರಳು. ಯಾರೂ ಬೈಯುವುದಿಲ್ಲ, ಎಲ್ಲರೂ ನಗುತ್ತಾರೆ. ಬೈಗುಳಕ್ಕಿಂತ ಆ ನಗು ದೊಡ್ಡ ಗೋಡೆ ಎಂದು ನಿರ್ದೇಶಕರಿಗೆ ಗೊತ್ತಿದೆ. ಹೆಂಡತಿ ಬೆಳೆದಂತೆ ಗಂಡ ಕುಗ್ಗುವುದನ್ನೂ ಆತನನ್ನು ಖಳನಾಯಕ ಮಾಡದೆ ತೋರಿಸಿದ್ದಾರೆ.

ಆದರೆ ನನ್ನ ಆಕ್ಷೇಪ ಅಲ್ಲಿಯೇ ಇದೆ. ಗಾಡಿ ಕಟ್ಟಿದವನ ಕೈಯನ್ನು ಈ ಸಿನಿಮಾ ಮನಸ್ಸಿಟ್ಟು ನೋಡುವುದಿಲ್ಲ. ಜ್ಯಾಕ್ ಕಥೆಯಲ್ಲಿ ಉಳಿಯುವುದು ಮುನಿಸಿಕೊಂಡ ಗಂಡನಾಗಿ ಮಾತ್ರ. ಟಾಪ್ ಫ್ಯೂಯಲ್ ಗಾಡಿಯ ಎಂಜಿನ್ನನ್ನು ಪ್ರತಿ ಓಟದ ನಂತರ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಶರ್ಲಿಯ ಮಗನೂ ಆಕೆಯ ತಂಡದಲ್ಲಿ ಆ ಕೆಲಸ ಮಾಡಿದವನೇ. ತಾಯಿಯ ಜೀವ ತಾನು ಬಿಗಿದ ಬೋಲ್ಟಿನ ಮೇಲೆ ನಿಂತಿದೆ ಎಂದು ಗೊತ್ತಿದ್ದ ಮಗನ ಮನಸ್ಸು ಹೇಗಿರಬೇಡ! ಒಂದು ದೊಡ್ಡ ಸಿನಿಮಾಕ್ಕೆ ಆಗುವಷ್ಟು ಸಾಮಗ್ರಿ ಅದು. ಇಲ್ಲಿ ಅದು ಹಿನ್ನೆಲೆಯಾಗಿ ಸರಿದುಹೋಗುತ್ತದೆ. ಬಡಿಸಿದವರ ಫೋಟೋ ತೆಗೆದು ಅಡುಗೆ ಮಾಡಿದವರನ್ನು ಮರೆಯುವ ಅನ್ಯಾಯ ಹೆಂಗಸರಾದ ನಮಗೆ ಹೊಸದಲ್ಲ. ಈ ಸಲ ಅದು ಗಂಡಸಿಗಾಗಿದೆ ಎಂದು ನಾವು ಸುಮ್ಮನಿದ್ದರೆ ನ್ಯಾಯವಾಗದು. ಹಳೆಯ ಜೊತೆಗಾರ ಕಾನಿ ಕಲಿಟ್ಟನ ವಿರುದ್ಧವೇ ಶರ್ಲಿ ಗೆಲ್ಲುವ 1980ರ ಓಟದೊಂದಿಗೆ ಚಿತ್ರ ಮುಗಿಯುತ್ತದೆ. ನೋಡಿದ ಹುಡುಗ ಹುಡುಗಿಯರ ಮನಸ್ಸಿನಲ್ಲಿ ಉಳಿಯುವುದು ಆ ಹೊಗೆ, ಆ ಸದ್ದು.

ನಮ್ಮ ಕನ್ನಡದಲ್ಲಿ ವೇಗದ ಬಗ್ಗೆ ಬಂದ ಗಟ್ಟಿ ಸಿನಿಮಾ ಎಂದರೆ ನನಗೆ ನೆನಪಾಗುವುದು ಶಂಕರ್‌ನಾಗ್ ಅವರ ‘ಆಕ್ಸಿಡೆಂಟ್’. 1985ರದು. ಸಾಮಾಜಿಕ ವಿಷಯದ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯೂ ಬಂತು. ಹಾಡುಗಳಿಲ್ಲದ ಚಿತ್ರ. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತಿನ ಮೇಲೆ ಮಲಗಿದ್ದ ಬಡವರ ಮೇಲೆ ಹಾಯಿಸುತ್ತಾನೆ. ಆಮೇಲಿನದು ಅದನ್ನು ಮುಚ್ಚುವ ಅಪ್ಪನ ಕಥೆ, ಬಿಚ್ಚುವ ಪತ್ರಕರ್ತನ ಕಥೆ. ಅಮೆರಿಕದ ಚಿತ್ರ ಸ್ಟಿಯರಿಂಗಿನ ಹಿಂದೆ ಕೂತು ವೇಗವನ್ನು ನೋಡಿದರೆ, ಶಂಕರ್‌ನಾಗ್ ಫುಟ್‌ಪಾತಿನ ಮೇಲೆ ಮಲಗಿ ನೋಡಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅವರೇ ರಸ್ತೆ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಹಾಸ್ಟೆಲಿನಲ್ಲಿ ಯಾರೂ ಊಟ ಮಾಡಲಿಲ್ಲ. ಎರಡೂ ಚಿತ್ರ ನೋಡಿದ ಮೇಲೆ ನನಗೆ ಅನ್ನಿಸಿದ್ದು, ವೇಗದ ಆಟವನ್ನು ತೂಗುವಾಗ ಎರಡು ಪ್ರಶ್ನೆ ಕೇಳಬೇಕು. ಗಾಡಿಯನ್ನು ಬಲ್ಲೆಯಾ? ಎಲ್ಲಿ ಓಡಿಸುತ್ತೀ?

ಮೊದಲ ಪ್ರಶ್ನೆಯ ಮಾತಾಯಿತು. ಎರಡನೆಯದಕ್ಕೆ ಬರೋಣ. ಅಮೆರಿಕೆಯಲ್ಲೂ ಈ ಓಟ ಮೊದಲು ಊರ ಬೀದಿಯಲ್ಲೇ ನಡೆಯುತ್ತಿತ್ತು. ಶರ್ಲಿಯೂ ಹರೆಯದಲ್ಲಿ ಬೀದಿಯಲ್ಲಿ ಓಡಿಸಿದವಳೇ. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಸಂಘ ಕಟ್ಟಿ, ನಿಯಮ ಮಾಡಿ, ಹುಡುಗರನ್ನು ಬೀದಿಯಿಂದ ಮೈದಾನಕ್ಕೆ ಕರೆದೊಯ್ದರು. ನಮ್ಮ ದೇಶದಲ್ಲೂ ಜಾಗಗಳಿಲ್ಲ ಎಂದಲ್ಲ. ಮದ್ರಾಸಿನ ಹತ್ತಿರ ಶೋಲಾವರಂನ ಹಳೆ ವಿಮಾನ ಪಟ್ಟಿಯಲ್ಲಿ ದಶಕಗಳ ಕಾಲ ರೇಸು ನಡೆದವು. ಈಗ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯ ಟ್ರ್ಯಾಕಿನಲ್ಲಿ ರಾಷ್ಟ್ರಮಟ್ಟದ ಡ್ರ್ಯಾಗ್ ಸ್ಪರ್ಧೆ ನಡೆಯುತ್ತದೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಮೋಟಾರ್ ಸೈಕಲ್ಲಿನಲ್ಲಿ ಹಲವು ಸಲ ರಾಷ್ಟ್ರೀಯ ಪ್ರಶಸ್ತಿ ಪಡೆದವರು. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲೂ ಇಂಥ ಓಟ ನಡೆದದ್ದುಂಟು. ಅಲ್ಲಿ ಹೆಲ್ಮೆಟ್ ನೋಡುತ್ತಾರೆ, ಬ್ರೇಕು ನೋಡುತ್ತಾರೆ, ಆಂಬುಲೆನ್ಸ್ ನಿಂತಿರುತ್ತದೆ, ಎದುರಿನಿಂದ ಎತ್ತಿನ ಗಾಡಿ ಬರುವುದಿಲ್ಲ.

ನಮ್ಮ ಇಂದೂರ ಕಡೆ ಬರುತ್ತದೆ. ಗೋವಿನಜೋಳದ ರಾಶಿ ಹೊತ್ತ ಟ್ರ್ಯಾಕ್ಟರ್ ಬರುತ್ತದೆ, ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ, ಮೇವು ಹೊತ್ತ ಹೆಂಗಸರು ಬರುತ್ತಾರೆ. ನಮ್ಮಲ್ಲಿ ಹಳೆ ಕಾರಿನ ಬದಲು ಹಳೆ ಬೈಕು. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಇಲ್ಲವೆ ಹುಡುಗರು ಪ್ರಾಣ ಬಿಡುವ ಯಮಾಹಾ ಆರ್‌ಎಕ್ಸ್ 100. ಸೈಲೆನ್ಸರ್ ಕೊರೆದು, ಸಂಜೆ ನೇರ ರಸ್ತೆ ಸಿಕ್ಕಲ್ಲಿ ಪಂದ್ಯ ಕಟ್ಟುತ್ತಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಸಂಜೆ ನನ್ನ ಮನೆಗೆ ಬಂದಳು. “ಅಕ್ಕೋರ, ಅವ ನನ್ನ ಮಾತು ಕೇಳಂಗಿಲ್ರೀ. ನೀವರ ಒಂದ್ ಮಾತು ಹೇಳ್ರಿ.” ಮಗನಿಗೆ ಹದಿನಾರು. ಬೈಕು ಅವನ ಅಪ್ಪನ ಹೆಸರಿನದು. ಪಂದ್ಯದಲ್ಲಿ ಬಿದ್ದು ತೊಡೆಯ ಮೂಳೆ ಮುರಿದಿತ್ತು, ರಾಡು ಹಾಕಿದ್ದರು, ಅವಳ ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ಕಾಲು ಕೂಡಿದ ಮೇಲೆ ಹುಡುಗ ಮತ್ತೆ ಗಾಡಿ ಕೇಳುತ್ತಿದ್ದ. ನಾನು ಅವನನ್ನು ಕರೆಸಿ ಬುದ್ಧಿವಾದ ಹೇಳಲಿಲ್ಲ, ಒಂದೇ ಪ್ರಶ್ನೆ ಕೇಳಿದೆ. “ನಿನ್ನ ಗಾಡಿಯ ಬ್ರೇಕ್ ಶೂ ಎಷ್ಟು ಸವೆದಿತ್ತು?” ಅವನಿಗೆ ಗೊತ್ತಿರಲಿಲ್ಲ. ಬಿಚ್ಚಿ ನೋಡಿಯೇ ಇರಲಿಲ್ಲ. ಹೊಡೆತದ ಸದ್ದು ಕಲಿತಿದ್ದ, ಗಾಡಿ ಕಲಿತಿರಲಿಲ್ಲ.

ಕಾನೂನು ಏನು ಹೇಳುತ್ತದೆಂದು ತಾಯಂದಿರಿಗೆ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ರಸ್ತೆಯಲ್ಲಿ ಪಂದ್ಯ ಓಡಿಸಿದರೆ 189ನೆಯ ಕಲಮಿನ ಪ್ರಕಾರ ಮೊದಲ ಸಲ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು, ದಂಡ 10,000ದವರೆಗೆ. ಗಾಡಿಯ ಮೂಲ ರೂಪವನ್ನು ಅನುಮತಿಯಿಲ್ಲದೆ ಬದಲಿಸಿದರೆ ಅದಕ್ಕೆ ಬೇರೆ ಶಿಕ್ಷೆ. ಓಡಿಸಿದವನು ಹದಿನೆಂಟು ತುಂಬದವನಾದರೆ 199ಎ ಕಲಮಿನಂತೆ ಪಾಲಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದಾಗುವವರೆಗೆ ಲೈಸೆನ್ಸೂ ಇಲ್ಲ. “ಹುಡುಗರು, ಬಿಡ್ರೀ” ಎನ್ನುವ ಅಪ್ಪಂದಿರಿಗೆ ಇದನ್ನು ಓದಿ ಹೇಳುವ ಕೆಲಸ ನಮ್ಮದು.

ಇದೇ ಸರಕಾರ ಹಳೆಯ ಗಾಡಿಗಳಿಗೆ ಮರ್ಯಾದೆಯನ್ನೂ ಕೊಟ್ಟಿದೆ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನ ವಿಂಟೇಜ್ ಎಂದು ನೋಂದಣಿಯಾಗಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ಪ್ರದರ್ಶನಕ್ಕೆ, ರ‍್ಯಾಲಿಗೆ ತರಬಹುದು, ದಿನಬಳಕೆಗೆ ಅಲ್ಲ. 1982ರ ಡಾಲ್ಫಿನ್ನಿಗೆ ಆ ಭಾಗ್ಯ ಬರಲು 2032 ಆಗಬೇಕು. ಅಲ್ಲಿಯವರೆಗೆ ಅದು ಬರೀ ಹಳೆ ಗಾಡಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಹತ್ತು ವರ್ಷ ಕಾಯಬಲ್ಲವನಿಗೆ ಮಾತ್ರ ಹಳೆಯದನ್ನು ಮುಟ್ಟುವ ಯೋಗ್ಯತೆ.

ಹೆಣ್ಣುಮಕ್ಕಳ ಮಾತು ಇನ್ನೂ ಉಳಿದಿದೆ. 2019ರಲ್ಲಿ ಬೆಂಗಳೂರಿನ ಐಶ್ವರ್ಯ ಪಿಸ್ಸೆ ಮರಳುಗಾಡು, ಬೆಟ್ಟಗುಡ್ಡಗಳ ಬಾಹಾ ಓಟದಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದರು. ಮೋಟಾರ್ ಓಟದಲ್ಲಿ ವಿಶ್ವ ಪ್ರಶಸ್ತಿ ತಂದ ಭಾರತೀಯರಲ್ಲಿ ಅವರೇ ಮೊದಲಿಗರು. ಅಂಥವರನ್ನು ಪೇಪರಿನಲ್ಲಿ ನೋಡಿ ಹೆಮ್ಮೆಪಡುತ್ತೇವೆ. ಸರಿ. ಆದರೆ ನಮ್ಮ ಮನೆಯ ಹುಡುಗಿ ಸ್ಕೂಟಿ ಕೆಟ್ಟಾಗ ಪ್ಲಗ್ಗು ಬಿಚ್ಚಿ ಒರೆಸಿ ಹಾಕುವುದನ್ನು ಕಲಿಯಲಿ ಎಂದು ಎಷ್ಟು ಮಂದಿ ಬಿಡುತ್ತೇವೆ? ನನ್ನ ವಿದ್ಯಾರ್ಥಿನಿಯೊಬ್ಬಳು ಐ.ಟಿ.ಐ.ಯಲ್ಲಿ ಮೋಟಾರ್ ಮೆಕ್ಯಾನಿಕ್ ಸೇರಬೇಕೆಂದಾಗ ಮನೆಯವರು ಹೊಲಿಗೆ ಕ್ಲಾಸಿಗೆ ಹಾಕಿದರು. ಹೊಲಿಗೆ ಕೀಳೆಂದು ನಾನು ಹೇಳುವುದಿಲ್ಲ, ಮೇಲೆ ಕವಂದಿಯನ್ನು ಹೊಗಳಿಯಾಗಿದೆ. ಆದರೆ ಅವಳು ಆ ಕ್ಲಾಸಿನಲ್ಲಿ ಮೊದಲ ವಾರವೇ ಕೆಟ್ಟುನಿಂತ ನಾಲ್ಕು ಮಶೀನು ರಿಪೇರಿ ಮಾಡಿದಳಂತೆ. ಕೈ ಯಾವುದನ್ನು ಕೇಳುತ್ತದೆಂದು ಇನ್ನು ಹೇಗೆ ಹೇಳಬೇಕು?

ಹಾಗಾಗಿ ಮನೆಯಲ್ಲಿ ಯಾರಾದರೂ ಹಳೆಯ ಗಾಡಿ ತಂದರೆ ಕೂಡಲೇ ಜಗಳ ತೆಗೆಯಬೇಡಿ. ಖರ್ಚಿಗೊಂದು ಮಿತಿ ಹಾಕಿ, ಹಾಲಿನ ಲೆಕ್ಕದಂತೆ ಅದಕ್ಕೂ ಒಂದು ವಹಿ ಇಡಿ. ಒಗ್ಗರಣೆ ಡಬ್ಬಿ ಬಚ್ಚಿಟ್ಟು ಬೇರೆ ಡಬ್ಬಿ ಕೊಡಿ. ಮಗಳನ್ನೂ ಪಾನಾ ಹಿಡಿದು ಪಕ್ಕದಲ್ಲಿ ಕೂರಲು ಬಿಡಿ. ಗಾಡಿ ಎಷ್ಟು ಜೋರಾಗಿ ಓಡುತ್ತದೆಂದು ಕೇಳಬೇಡಿ. ಎಷ್ಟು ದೂರದಲ್ಲಿ ನಿಲ್ಲುತ್ತದೆಂದು ಕೇಳಿ. ಉತ್ತರ ಸರಿಯಾಗಿ ಬಂದರೆ ಚಹಾ ಮಾಡಿಕೊಡಿ. ಉತ್ತರ ಬರದಿದ್ದರೆ ಕೀಲಿಕೈ ನಿಮ್ಮ ಸೆರಗಿನ ಗಂಟಿನಲ್ಲಿರಲಿ.